ಹತ್ತು ಸ್ಟಡ್, ಒಂದು ಚಕ್ರ ಮತ್ತು ನಮ್ಮ ಫಿಟ್ಟಿಂಗ್ ಲ್ಯಾಬ್

ನಮ್ಮ ಕಾಲೇಜಿನ ಫಿಟ್ಟಿಂಗ್ ಲ್ಯಾಬಿಗೆ ಒಂದು ಹಳೇ ಲಾರಿಯ ಮುಂದಿನ ಆಕ್ಸಲ್ ಬೇಕು. ಹಬ್, ಡ್ರಮ್, ಬೇರಿಂಗ್, ತುಕ್ಕು, ಗಟ್ಟಿಯಾದ ಗ್ರೀಸು ಎಲ್ಲಾ ಸಮೇತ. ಗುಜರಿಯಿಂದಲೇ ತನ್ನಿ, ದಯವಿಟ್ಟು ಪೇಂಟ್ ಹೊಡೆಸಬೇಡಿ. ಹಾಗೆ ಬಣ್ಣ ಬಳಿದು, ಅರ್ಧ ಸೀಳಿ, ಗಾಜಿನ ಪೆಟ್ಟಿಗೆಯಲ್ಲಿಟ್ಟ ಎಂಜಿನ್ನು ಗೇರ್‌ಬಾಕ್ಸು ಈಗಾಗಲೇ ಬೇಕಾದಷ್ಟಿವೆ. ಅವನ್ನು ಯಾರೂ ಮುಟ್ಟುವುದಿಲ್ಲ, ಅಡ್ಮಿಶನ್ ಟೈಮಿನಲ್ಲಿ ಅಪ್ಪ ಅಮ್ಮಂದಿರು ಬಂದು ನೋಡಿ ಹೋಗುತ್ತಾರೆ ಅಷ್ಟೇ.

ಈಗ ಲ್ಯಾಬಿನಲ್ಲಿ ನಾವು ಮಾಡೋದೇನು? ಎಂಎಸ್ ಪ್ಲೇಟ್ ಉಜ್ಜುತ್ತೇವೆ. ಡವ್‌ಟೇಲ್ ಕೊರೆಯುತ್ತೇವೆ. ಸೀನಿಯರ್ ಉಜ್ಜಿಟ್ಟ ಮಾಡೆಲ್ಲಿಗೆ ನಮ್ಮ ಯುಎಸ್‌ಎನ್ ಪಂಚ್ ಹೊಡೆದು ಸಬ್ಮಿಟ್ ಮಾಡುವವರೂ ಇದ್ದಾರೆ ಅನ್ನೋದು ಎಲ್ಲರಿಗೂ ಗೊತ್ತಿರುವ ಗುಟ್ಟು. ಉಜ್ಜುವುದು ಕೆಟ್ಟದ್ದಲ್ಲ. ಆದರೆ ಆ ಡವ್‌ಟೇಲ್ ಸರಿಯಾಗಿ ಕೂರದಿದ್ದರೆ ಹೋಗೋದು ಎರಡು ಮಾರ್ಕು. ಹಬ್ ಸರಿಯಾಗಿ ಕೂರದಿದ್ದರೆ ಏನು ಹೋಗುತ್ತೆ ಅನ್ನೋದನ್ನ ತುಮಕೂರು ರಸ್ತೆಯಲ್ಲಿ ಸ್ಕೂಟರ್ ಓಡಿಸುವ ನಮಗೆ ಹೇಳಿಕೊಡಬೇಕಾಗಿಲ್ಲ.

ಗೊರಗುಂಟೆಪಾಳ್ಯ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಲಾರಿಯ ಮುಂದಿನ ಚಕ್ರವನ್ನ ಒಮ್ಮೆ ನೋಡಿ. ಸ್ಕೂಟರ್ ಮೇಲೆ ಕೂತವರ ಮೊಣಕಾಲಿಗೆ ಸರಿಸಮ ಇರುತ್ತೆ ಆ ಹಬ್ಬು. ನಟ್ ಎಣಿಸಿ. ಹತ್ತು ಇರಬೇಕಾದಲ್ಲಿ ಒಂಬತ್ತು ಇರಬಹುದು. ಯಾವುದಾದರೂ ನಟ್ಟಿನ ಬುಡದಿಂದ ಹೊರಗಡೆಗೆ ಕೆಂಪು ತುಕ್ಕಿನ ಗೆರೆ ಹರಿದಿದ್ದರೆ, ಆ ನಟ್ ಸಡಿಲ ಆಗಿ ಕೆಲವು ದಿನವೇ ಆಗಿದೆ ಅಂತ ಅರ್ಥ: ಒಳಗೆ ಲೋಹಕ್ಕೆ ಲೋಹ ಉಜ್ಜಿ ಪುಡಿಯಾಗಿ, ಮಳೆನೀರಲ್ಲಿ ಕಲೆಸಿ, ಚಕ್ರ ತಿರುಗಿದಂತೆ ಆಚೆಗೆ ಎಸೆಯಲ್ಪಟ್ಟಿದೆ. ಇದನ್ನ ಕಲಿತ ಮೇಲೆ ನಾವಂತೂ ಸಿಗ್ನಲ್ಲಿನಲ್ಲಿ ಫೋನ್ ನೋಡೋದು ಬಿಟ್ಟಿದ್ದೇವೆ.

ಕಲಿತದ್ದು ಕ್ಲಾಸಿನಲ್ಲಲ್ಲ. ಯಶವಂತಪುರದ ದೇವರಾಜ ಅರಸು ಟ್ರಕ್ ಟರ್ಮಿನಲ್ ಆಸುಪಾಸಿನ ಒಂದು ಗಲ್ಲಿಯ ಗ್ಯಾರೇಜಿನಲ್ಲಿ ನಾವು ಮೂರು ಜನ ಎರಡು ಶನಿವಾರ ಕಳೆದೆವು. ಗ್ಯಾರೇಜ್ ಅಂದರೆ ನಾಲ್ಕು ಕಂಬ, ಒಂದು ಶೀಟು, ಆಯಿಲ್ ಕುಡಿದು ಕಪ್ಪಾದ ನೆಲ. ಬಂದಿದ್ದು ಹಳೇ ಟಾಟಾ ಲಾರಿ, ಎಡಗಡೆ ಮುಂದಿನ ಚಕ್ರದ ಹತ್ತು ಸ್ಟಡ್ಡಿನಲ್ಲಿ ಎರಡು ಮುರಿದಿದ್ದವು. ಅಕ್ಕಪಕ್ಕದವೇ ಎರಡು.

ಕೆಲಸ ಹೇಳಿದರೆ ಸುಲಭ. ಜಾಕಿ ಹಾಕಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ಇಳಿಸಿ, ಹಬ್‌ಕ್ಯಾಪ್ ತೆಗೆದು, ಸ್ಪ್ಲಿಟ್ ಪಿನ್ ಎಳೆದು, ಸ್ಪಿಂಡಲ್ ನಟ್ ಬಿಚ್ಚಿ, ಹೊರಗಿನ ಬೇರಿಂಗ್ ಕೈಗೆ ತೆಗೆದುಕೊಂಡು, ಹಬ್ ಮತ್ತು ಡ್ರಮ್ಮನ್ನ ಒಟ್ಟಿಗೆ ಎಳೆಯೋದು. ಎಳೆಯೋಕೆ ಇಬ್ಬರು ಬೇಕು. ಆಮೇಲೆ ಹಳೇ ಸ್ಟಡ್ ಹೊರಗೆ, ಹೊಸದು ಒಳಗೆ. ಸ್ಟಡ್ಡಿನ ಕುತ್ತಿಗೆಯಲ್ಲಿ ಹಲ್ಲು ಹಲ್ಲಿನಂಥ ಗೆರೆಗಳಿರುತ್ತವೆ, ಅವು ಹಬ್ಬಿನ ತೂತನ್ನ ಕಚ್ಚಿಕೊಂಡು ಕೂರಬೇಕು. ಸುತ್ತಿಗೆಯಲ್ಲಿ ಹೊಡೆದರೆ ಓರೆಯಾಗಿ ಕೂತುಬಿಡುತ್ತೆ. ನಟ್ಟಿನಿಂದ ಎಳೆದು ಕೂರಿಸಿದರೆ ಹೊಸ ಥ್ರೆಡ್ಡೇ ಹಾಳು. ಮೇಸ್ತ್ರಿ ಹಬ್ಬನ್ನ ಆಟೋದಲ್ಲಿ ಹಾಕಿಕೊಂಡು ಪೀಣ್ಯದ ಒಂದು ಹೈಡ್ರಾಲಿಕ್ ಪ್ರೆಸ್ಸಿಗೆ ಹೋದರು. ಪೀಣ್ಯದಲ್ಲಿ ಪ್ರೆಸ್ ಇಲ್ಲದ ಗಲ್ಲಿ ಹುಡುಕೋದೇ ಕಷ್ಟ.

ಮುರಿದ ಎರಡು ತುಂಡನ್ನ ನಾವು ಕೇಳಿ ಇಸಕೊಂಡೆವು. ಇವತ್ತೂ ಹಾಸ್ಟೆಲ್ ರೂಮಿನ ಕಿಟಕಿಯಲ್ಲಿವೆ. ಮೆಟೀರಿಯಲ್ ಸೈನ್ಸ್ ಪಾಠದಲ್ಲಿ ಫೆಟೀಗ್ ಫ್ರಾಕ್ಚರಿನ ಕಪ್ಪುಬಿಳುಪು ಫೋಟೋ ಒಂದಿದೆಯಲ್ಲ, ಜೆರಾಕ್ಸ್ ಆಗಿ ಆಗಿ ಬರೀ ಮಸಿ ಕಾಣುವಂಥದ್ದು, ಅದು ಇಲ್ಲಿ ಅಂಗೈಯಲ್ಲಿ ಕೂತಿತ್ತು. ಒಂದು ತುಂಡಿನ ಮುಖದಲ್ಲಿ, ಅಲೆ ಹಿಂದೆ ಸರಿದಾಗ ಮರಳ ಮೇಲೆ ಉಳಿಯುವಂಥ ಬಾಗಿದ ಗೆರೆಗಳು, ಒಂದರ ಹಿಂದೆ ಒಂದು. ಮುಕ್ಕಾಲು ಭಾಗ ನುಣುಪು, ಅದರ ಮೇಲೆ ತುಕ್ಕು. ಕೊನೆಗೆ ಉಳಿದ ಒಂದು ಚೂರು ಮಾತ್ರ ಒರಟು. ಅಂದರೆ ಇದು ತಿಂಗಳುಗಟ್ಟಲೆ ಒಳಗೊಳಗೇ ಸೀಳುತ್ತಾ ಬಂದು ಕೊನೆಗೊಂದು ದಿನ ಕೈಬಿಟ್ಟಿದೆ. ಇನ್ನೊಂದರಲ್ಲಿ ನುಣುಪು ಕಮ್ಮಿ, ಒರಟು ಜಾಸ್ತಿ, ಬಣ್ಣ ಇನ್ನೂ ಬೂದಿ ಹೊಳಪು. ಮೊದಲನೆಯದು ಹೋದ ಮೇಲೆ ಅದರ ಪಾಲಿನ ಭಾರವೂ ಬಿದ್ದು ಇದು ಬೇಗ ಹೋಗಿದೆ. ಯಾವುದು ಮೊದಲು ಸತ್ತಿತು, ಯಾವುದು ಆಮೇಲೆ ಅಂತ ಎರಡು ಕಬ್ಬಿಣದ ತುಂಡು ತಾವೇ ಹೇಳುತ್ತಿದ್ದವು. ಆಗಸ್ಟ್ ವೋಲರ್ 1850, 60ರ ದಶಕಗಳಲ್ಲಿ ಪ್ರಷ್ಯಾದ ರೈಲ್ವೆ ಆಕ್ಸಲ್‌ಗಳ ಮೇಲೆ ಪ್ರಯೋಗ ಮಾಡಿ ನಮಗೆ ಎಸ್-ಎನ್ ಕರ್ವ್ ಕೊಟ್ಟಿದ್ದು ಇಂಥದ್ದೇ ತುಂಡುಗಳನ್ನ ನೋಡಿ.

ಲಾರಿ ಓನರಿಗೆ ಮುರಿದ ಎರಡನ್ನ ಹಾಕಿದರೆ ಸಾಕಿತ್ತು. ಮೇಸ್ತ್ರಿ ಒಪ್ಪಲಿಲ್ಲ. ಹತ್ತೂ ತೆಗೀಬೇಕು, ಉಳಿದ ಎಂಟೂ ಸುಸ್ತಾಗಿದಾವೆ ಅನ್ನೋದು ಅವರ ವಾದ. ಸುಸ್ತು! ನಮ್ಮ ಪುಸ್ತಕದ ಫೆಟೀಗ್‌ಗೆ ಇದಕ್ಕಿಂತ ಒಳ್ಳೆಯ ಕನ್ನಡ ಪದ ಯಾವ ಪಾರಿಭಾಷಿಕ ಕೋಶದಲ್ಲಿ ಸಿಗುತ್ತೆ? ಜಗತ್ತಿನ ಎಲ್ಲಾ ಕಡೆಯ ಒಳ್ಳೆಯ ರಿಪೇರಿ ಪದ್ಧತಿಯೂ ಅದನ್ನೇ ಹೇಳುತ್ತೆ: ಒಂದು ಮುರಿದರೆ ಅದರ ಎರಡೂ ಪಕ್ಕದವನ್ನ ಬದಲಿಸು, ಎರಡು ಅಥವಾ ಹೆಚ್ಚು ಮುರಿದರೆ ಎಲ್ಲವನ್ನೂ ಬದಲಿಸು. ಒಂದು ಸ್ಟಡ್ಡಿನ ಬೆಲೆ ಹೆಚ್ಚುಕಮ್ಮಿ ಒಂದು ಬಿರಿಯಾನಿ.

ಇಲ್ಲಿವರೆಗೆ ಮೇಸ್ತ್ರಿಯೇ ಗೆದ್ದರು. ಆದರೆ ಈ ಲೇಖನ ಗ್ಯಾರೇಜಿಗೆ ಜೈಕಾರ ಹಾಕೋಕೆ ಬರೆದದ್ದಲ್ಲ. ಅಲ್ಲೇ, ಅದೇ ನೆಲದಲ್ಲಿ, ನೋಡಿ ಎದೆ ಝಲ್ಲೆನ್ನುವಂಥದ್ದೂ ನಡೆಯುತ್ತೆ. ಜಾಮ್ ಆದ ನಟ್ಟಿಗೆ ಗ್ಯಾಸ್ ಕಟ್ಟರ್ ಹಿಡಿದು ಕೆಂಪಗೆ ಕಾಯಿಸಿ ಬಿಚ್ಚುವುದು, ಆಮೇಲೆ ಅದೇ ಸ್ಟಡ್ಡಿಗೆ ಹೊಸ ನಟ್ ಹಾಕುವುದು. 10.9 ಗ್ರೇಡಿನ ಸ್ಟಡ್ಡು ಕ್ವೆಂಚ್ ಮಾಡಿ, 425 ಡಿಗ್ರಿಗೆ ಕಡಿಮೆ ಇಲ್ಲದಂತೆ ಟೆಂಪರ್ ಮಾಡಿದ ಉಕ್ಕು. ಕೆಂಪು ಕಾಣುವಷ್ಟು ಕಾಯಿಸಿದರೆ ಆ ಟೆಂಪರ್ ಅಳಿಸಿಹೋಯಿತು. ತಲೆಯ ಮೇಲಿನ 10.9 ಅಂಕಿ ಮಾತ್ರ ಉಳಿಯುತ್ತೆ, ಗುಣ ಉಳಿಯೋದಿಲ್ಲ. ಸಡಿಲಾದ ಸ್ಟಡ್ಡನ್ನ ಹಬ್ಬಿಗೆ ವೆಲ್ಡ್ ಮಾಡಿ ಕಳಿಸುವವರೂ ಇದ್ದಾರೆ. ಇದು ಹೇಗೆ ತಪ್ಪು ಅಂತ ವಿವರಿಸೋಕೆ ನಮಗೆ ಪೂರ್ತಿ ಒಂದು ಸೆಮಿಸ್ಟರ್ ಪಾಠ ಆಗಿದೆ. ಅಂಥ ಗ್ಯಾರೇಜಿಗೆ ಹೋಗಿ ಅದನ್ನ ಹೇಳಿದವರು ನಮ್ಮಲ್ಲಿ ಎಷ್ಟು ಜನ?

ಈಗ ನಿಜವಾದ ವಿಷಯಕ್ಕೆ ಬರೋಣ. ಚಕ್ರವನ್ನ ಹಿಡಿದಿಟ್ಟಿರೋದು ಏನು? ನೂರಕ್ಕೆ ತೊಂಬತ್ತು ಜನ, ಮೆಕ್ಯಾನಿಕಲ್ ಬ್ರಾಂಚಿನವರೂ, ಸ್ಟಡ್ಡು ಅಂತಾರೆ. ಚಕ್ರ ಆ ಹತ್ತು ಗೂಟಕ್ಕೆ ನೇತುಬಿದ್ದಿದೆ ಅನ್ನೋ ಚಿತ್ರ ತಲೆಯಲ್ಲಿರುತ್ತೆ. ಲೆಕ್ಕ ಹಾಕೋಣ, ಮಹದೇವನ್ ಮತ್ತು ಬಾಲವೀರ ರೆಡ್ಡಿಯವರ ಡೇಟಾ ಹ್ಯಾಂಡ್‌ಬುಕ್ ಹೇಗೂ ಬ್ಯಾಗಿನಲ್ಲಿದೆ. ಎಂ22 ಸ್ಟಡ್, 600 ನ್ಯೂಟನ್ ಮೀಟರ್ ಟಾರ್ಕ್, ನಟ್ ಫ್ಯಾಕ್ಟರ್ 0.2 ಅಂತಿಟ್ಟರೆ ಒಂದೊಂದು ಸ್ಟಡ್ಡಿನಲ್ಲೂ ಸುಮಾರು 136 ಕಿಲೋ ನ್ಯೂಟನ್ ಎಳೆತ, ಅಂದರೆ ಹದಿನಾಲ್ಕು ಟನ್ ಹತ್ತಿರ. ಹತ್ತಕ್ಕೆ 139 ಟನ್. ಈ ಬಿಗಿತ ಚಕ್ರದ ತಟ್ಟೆಯನ್ನ ಹಬ್ಬಿನ ಮುಖಕ್ಕೆ ಒತ್ತಿ ಹಿಡಿದಿರುತ್ತೆ. ಘರ್ಷಣೆ 0.15 ಅಂತ ಜಿಪುಣತನದಿಂದ ಹಿಡಿದರೂ, ಚಕ್ರ ಜಾರಬೇಕಾದರೆ 20 ಟನ್ ತಳ್ಳಬೇಕು. 2018ರ ತಿದ್ದುಪಡಿಯ ಪ್ರಕಾರ ಮುಂದಿನ ಆಕ್ಸಲ್ ಮೇಲೆ ಇರಬಹುದಾದದ್ದು 7 ಟನ್, ಒಂದು ಚಕ್ರಕ್ಕೆ ಮೂರೂವರೆ. ಗಟ್ಟಿ ಬ್ರೇಕ್ ಹಾಕಿದಾಗ ಸ್ಟಡ್ ವೃತ್ತದಲ್ಲಿ ಬೀಳುವ ತಿರುಚು ಬಲ ಇನ್ನೊಂದು ಏಳು ಟನ್ ಆಗಬಹುದು. ಆದರೂ ಸುರಕ್ಷಿತ. ಅಂದರೆ ಎಲ್ಲಾ ಸರಿಯಿದ್ದಾಗ ಸ್ಟಡ್ಡಿನ ಮೇಲೆ ಅಡ್ಡಬಲ ಬೀಳೋದೇ ಇಲ್ಲ. ಭಾರ ಹೊರೋದು ಘರ್ಷಣೆ. ಸ್ಟಡ್ಡಿನ ಕೆಲಸ ರಬ್ಬರ್ ಬ್ಯಾಂಡಿನ ಥರ ಎಳೆದುಕೊಂಡಿರೋದು, ಅಷ್ಟೇ.

ಬಿಗಿತ ಹೋದ ಕ್ಷಣ ಕಥೆ ಬದಲಾಗುತ್ತೆ. ತಟ್ಟೆ ಕೂದಲೆಳೆಯಷ್ಟು ಜಾರೋಕೆ ಶುರು ಮಾಡುತ್ತೆ, ಸ್ಟಡ್ಡು ಪ್ರತಿ ಸುತ್ತಿಗೂ ಬಾಗಿ ನೇರವಾಗುತ್ತೆ. ಇಂಥ ಅಡ್ಡ ಅಲುಗಾಟ ನಟ್ಟನ್ನ ತಾನಾಗೇ ಬಿಚ್ಚಿಬಿಡುತ್ತೆ ಅಂತ 1969ರಲ್ಲಿ ಗೆರ್ಹಾರ್ಡ್ ಯುಂಕರ್ ತೋರಿಸಿಕೊಟ್ಟರು. ಹಳೇ ಲಾರಿಗಳಲ್ಲಿ ಕೆಲವಕ್ಕೆ ಎಡಬದಿಯ ಸ್ಟಡ್ಡಿಗೆ ಉಲ್ಟಾ ಥ್ರೆಡ್ ಇಡುತ್ತಿದ್ದದ್ದು ಈ ಬಿಚ್ಚಿಕೊಳ್ಳುವ ಕಾಟಕ್ಕೇ. (ಅದು ಗೊತ್ತಿಲ್ಲದ ಕ್ಲೀನರ್ ಹುಡುಗ ಪಾನದ ಮೇಲೆ ನೇತಾಡಿ ಬಿಚ್ಚುತ್ತೇನೆ ಅಂತ ಬಿಗಿ ಮಾಡುತ್ತಲೇ ಇರುವ ದೃಶ್ಯ ಗ್ಯಾರೇಜಿನ ಖಾಯಂ ಜೋಕು.)

ಈ ಬಿಗಿತದ ಮಹಿಮೆಗೆ ಸಿವಿಲ್ ಬ್ರಾಂಚಿನ ಗೆಳೆಯರು ನಮಗಿಂತ ದೊಡ್ಡ ಸಾಕ್ಷಿ ಕೊಡುತ್ತಾರೆ. ಪೀಣ್ಯದ ಎಲಿವೇಟೆಡ್ ಹೆದ್ದಾರಿಯನ್ನ 2021ರ ಡಿಸೆಂಬರ್ ಕೊನೆಯಲ್ಲಿ ಮುಚ್ಚಿದ್ದು ಯಾಕೆ? ಕಾಂಕ್ರೀಟನ್ನ ಒತ್ತಿ ಹಿಡಿದಿರಬೇಕಾದ ಪ್ರಿಸ್ಟ್ರೆಸ್ ಕೇಬಲ್‌ಗಳು ಕೈಕೊಟ್ಟಿದ್ದಕ್ಕೆ. 2022ರ ಫೆಬ್ರವರಿಯಲ್ಲಿ ಕಾರು ಬೈಕುಗಳಿಗೆ ಬಿಟ್ಟರು, ಭಾರಿ ವಾಹನಗಳು ಮತ್ತೆ ಮೇಲೆ ಹತ್ತಿದ್ದು 2024ರ ಜುಲೈ ಕೊನೆಗೆ. ಎರಡೂವರೆ ವರ್ಷ ಅಷ್ಟೂ ಲಾರಿಗಳು ಕೆಳಗಿನ ರಸ್ತೆಯಲ್ಲಿ, ನಮ್ಮ ಸ್ಕೂಟರ್ ಪಕ್ಕದಲ್ಲಿ. ಮೇಲೆ ಫ್ಲೈಓವರ್, ಕೆಳಗೆ ಲಾರಿ ಚಕ್ರ. ಎರಡನ್ನೂ ನಿಲ್ಲಿಸಿರೋದು ಎಳೆದು ಕಟ್ಟಿದ ಉಕ್ಕಿನ ಒಳಗಿನ ಬಿಗಿತ. ಫ್ಲೈಓವರಿಗೆ ಐಐಎಸ್‌ಸಿ ಪ್ರೊಫೆಸರುಗಳು ಬಂದು ನೋಡಿದರು. ಚಕ್ರವನ್ನ ಯಾರು ನೋಡಬೇಕು?

ಫಿಟ್‌ನೆಸ್ ಸರ್ಟಿಫಿಕೇಟ್ ಇದೆಯಲ್ಲ ಅಂತೀರಿ. ಎಂಟು ವರ್ಷ ದಾಟಿದ ಲಾರಿ ಪ್ರತಿ ವರ್ಷ ಫಿಟ್‌ನೆಸ್‌ಗೆ ಹೋಗಬೇಕು, ಸರಿ. ಆದರೆ ನಟ್ಟಿನ ತಲೆ ನೋಡಿದರೆ ಒಳಗಿನ ಎಳೆತ ಕಾಣೋದಿಲ್ಲ. ಹತ್ತು ನಟ್ ಇದ್ದೂ ಬಿಗಿತ ಸೊನ್ನೆ ಇರಬಹುದು.

ಇನ್ನು ಬಿಗಿ ಮಾಡುವ ಬಗೆ. ಗಲ್ಲಿ ಗ್ಯಾರೇಜಿನಲ್ಲಿ ಟಾರ್ಕ್ ರೆಂಚ್ ಇಲ್ಲ. ವೀಲ್ ಪಾನಕ್ಕೆ ಪೈಪ್ ತೂರಿಸಿ ಅದರ ತುದಿಗೆ ಹತ್ತಿ ನಿಲ್ಲುತ್ತಾರೆ. ನಾವು ಮೊದಲು ನಕ್ಕೆವು, ಆಮೇಲೆ ಲೆಕ್ಕ ಹಾಕಿದೆವು: 65 ಕೆಜಿ ಹುಡುಗ, ನಟ್ಟಿನಿಂದ ಒಂದು ಮೀಟರ್ ದೂರ, ಪೈಪು ನೆಲಕ್ಕೆ ಸಮಾನಾಂತರ. 65 ಗುಣಿಲೆ 9.81, ಅಂದರೆ 638 ನ್ಯೂಟನ್ ಮೀಟರ್. ಬೇಕಾದದ್ದಕ್ಕೆ ಅಷ್ಟು ಹತ್ತಿರ! ತೊಂದರೆ ಇರೋದು ನಿಲ್ಲುವುದರಲ್ಲಲ್ಲ, ಕುಣಿಯುವುದರಲ್ಲಿ. ಒಮ್ಮೆಲೇ ಬಿದ್ದ ಭಾರಕ್ಕೆ ಎರಡರಷ್ಟು ಪರಿಣಾಮ, ಥರ್ಡ್ ಸೆಮ್ಮಿನಲ್ಲೇ ಓದಿದ್ದೇವೆ. ಮೇಲಿಂದ ಜಿಗಿದರೆ ಇನ್ನೂ ಜಾಸ್ತಿ. ಥ್ರೆಡ್ಡಿಗೆ ಗ್ರೀಸ್ ಸವರಿದ್ದರೆ ನಟ್ ಫ್ಯಾಕ್ಟರ್ 0.13ರ ಹತ್ತಿರ ಬಂದು, ಅದೇ ಟಾರ್ಕಿಗೆ ಎಳೆತ 136ರಿಂದ 210ಕ್ಕೆ ಹಾರುತ್ತೆ. ಗ್ರೀಸೂ ಇದ್ದು ಹುಡುಗನೂ ಕುಣಿದರೆ ಸ್ಟಡ್ಡಿನ ಯೀಲ್ಡ್ ಮಿತಿಯಾದ ಸುಮಾರು 310 ಕಿಲೋ ನ್ಯೂಟನ್ ದಾಟಿಹೋಯಿತು. ದೊಡ್ಡ ಶಾಪುಗಳ ಕಥೆ ಇದಕ್ಕಿಂತ ಚೆನ್ನಾಗೇನಿಲ್ಲ: ಒಂದಿಂಚಿನ ಏರ್ ಗನ್ ಸಲೀಸಾಗಿ 1,500 ನ್ಯೂಟನ್ ಮೀಟರ್ ಕೊಡುತ್ತೆ, ಒಣ ಥ್ರೆಡ್ಡಿನಲ್ಲೇ ಯೀಲ್ಡ್. ಶಬ್ದ ಜೋರಾಗಿ ಬರೋದರಿಂದ ಓನರಿಗೆ ಸಮಾಧಾನ.

ಇನ್ನೊಂದು ಲೆಕ್ಕ, ನಮಗೆ ನಿದ್ದೆ ಕೆಡಿಸಿದ್ದು. 136 ಕಿಲೋ ನ್ಯೂಟನ್ ಎಳೆತಕ್ಕೆ 50 ಮಿ.ಮೀ. ಉದ್ದದ ಸ್ಟಡ್ಡು ಎಷ್ಟು ಹಿಗ್ಗುತ್ತೆ? 0.1 ಮಿ.ಮೀ. ಬ್ಲೂ ಬುಕ್ಕಿನ ಒಂದು ಹಾಳೆಯ ದಪ್ಪ. ಅಷ್ಟೂ ಟನ್ನು ನಿಂತಿರೋದು ಆ ಒಂದು ಹಾಳೆಯ ಮೇಲೆ. ಈಗ ಯೋಚಿಸಿ: ಓನರ್ ಆಯುಧಪೂಜೆಗೆ ಅಂತ ಚಕ್ರಕ್ಕೆ ಎರಡು ಕೋಟ್ ಬಣ್ಣ ಹೊಡೆಸಿದ್ದಾನೆ, ಹಬ್ಬಿನ ಮುಖದಲ್ಲಿ ತುಕ್ಕಿನ ಪೊರೆ ಇದೆ. ಚಕ್ರ ಕೂರಿಸಿ ಬಿಗಿ ಮಾಡಿದಾಗ ಎಲ್ಲಾ ಗಟ್ಟಿ. ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಬಣ್ಣ ಹಿಂಡಿ, ತುಕ್ಕು ಪುಡಿಯಾಗಿ, ಆ ಹಾಳೆಯ ಅರ್ಧ ದಪ್ಪ ಮಾಯ. ಬಿಗಿತವೂ ಅರ್ಧ ಮಾಯ. ಯಾರೂ ನಟ್ ಮುಟ್ಟಿಲ್ಲ, ಯಾರೂ ತಪ್ಪು ಮಾಡಿಲ್ಲ. ಅದಕ್ಕೇ ಹಬ್ಬಿನ ಮುಖವನ್ನ ವೈರ್ ಬ್ರಷ್ಷಿನಲ್ಲಿ ಬಿಳಿ ಬರುವವರೆಗೂ ಉಜ್ಜಬೇಕು, ನಟ್ಟುಗಳನ್ನ ಎದುರು ಬದುರಾಗಿ ಬಿಗಿಯಬೇಕು, 50ರಿಂದ 100 ಕಿಲೋಮೀಟರ್ ಓಡಿಸಿ ಮತ್ತೆ ಟಾರ್ಕ್ ನೋಡಬೇಕು. ಈ ಕೊನೆಯದನ್ನ ಮಾಡುವವರು ಬಹಳ ಕಮ್ಮಿ, ಯಾಕಂದರೆ ನೂರು ಕಿಲೋಮೀಟರ್ ಅಂದರೆ ಲಾರಿ ಸಿರಾ ಹತ್ತಿರ ಇರುತ್ತೆ, ಮೇಸ್ತ್ರಿ ಯಶವಂತಪುರದಲ್ಲಿ.

ಬೇರಿಂಗ್ ವಿಷಯದಲ್ಲಿ ಮಾತ್ರ ನಾವು ಬಾಯಿ ಮುಚ್ಚಿಕೊಂಡು ನೋಡಿದೆವು. ಟೇಪರ್ ರೋಲರ್ ಬೇರಿಂಗು, 1898ರಲ್ಲಿ ಹೆನ್ರಿ ಟಿಮ್ಕೆನ್ ಪೇಟೆಂಟ್ ಮಾಡಿಸಿದ್ದು, ಒಳಗೊಂದು ಹೊರಗೊಂದು, ಮುಖಾಮುಖಿ. ಎರಡರ ನಡುವೆ ಬಿಡಬೇಕಾದ ಸಡಿಲಕ್ಕೆ ಇಂಗ್ಲಿಷಿನಲ್ಲಿ ಎಂಡ್ ಪ್ಲೇ ಅಂತಾರೆ, ಗ್ಯಾರೇಜಿನಲ್ಲಿ ಆಟ. ಆಟ ಇರಬೇಕಾದದ್ದು 0.025ರಿಂದ 0.125 ಮಿ.ಮೀ. ಒಳಗೆ. ಕಮ್ಮಿಯಾದರೆ ಹಬ್ ಕಾದು, ಗ್ರೀಸ್ ಕರಗಿ, ಬೇರಿಂಗ್ ಸುಟ್ಟು ಹಿಡಿದುಕೊಳ್ಳುತ್ತೆ. ಜಾಸ್ತಿಯಾದರೆ ಚಕ್ರ ಓಲಾಡಿ, ಸೀಲ್ ಹರಿದು, ಗ್ರೀಸು ಬ್ರೇಕ್ ಲೈನರ್ ಮೇಲೆ. ಸ್ಪಿಂಡಲ್ ನಟ್ಟಿನ ಪಿಚ್ 1.5 ಮಿ.ಮೀ. ಇದ್ದರೆ, ಆರು ಗಾಡಿ ಇರುವ ಆ ನಟ್ಟನ್ನ ಒಂದೇ ಒಂದು ಗಾಡಿ ತಿರುಗಿಸಿದರೂ 0.25 ಮಿ.ಮೀ. ಆಯಿತು, ಅಂದರೆ ಮಿತಿಯ ಎರಡರಷ್ಟು. ಇಷ್ಟು ಒರಟು ಸಾಧನದಲ್ಲಿ ಅಷ್ಟು ನಾಜೂಕು ಕೆಲಸ. ಮೇಸ್ತ್ರಿ ಹಬ್ಬನ್ನ ಒಂದು ಕೈಯಲ್ಲಿ ತಿರುಗಿಸುತ್ತಾ ಇನ್ನೊಂದರಲ್ಲಿ ನಟ್ ಬಿಗಿದರು, ರೋಲರ್‌ಗಳು ತಮ್ಮ ಜಾಗಕ್ಕೆ ಸೇರಲಿ ಅಂತ. ಬಿಗಿ ಹಿಡಿದ ಮೇಲೆ ಹಿಂದಕ್ಕೆ ಬಿಟ್ಟರು, ಮತ್ತೆ ಬೆರಳಲ್ಲೇ ತಂದರು. ಟೈರ್ ಹಾಕಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಕಣ್ಣು ಮುಚ್ಚಿ, ಸರಿ ಅಂದರು. ಹೊಸ ಸ್ಪ್ಲಿಟ್ ಪಿನ್ ಹಾಕಿದರು. ಹಳೆಯದನ್ನ ನೆಟ್ಟಗೆ ಮಾಡಿ ಮತ್ತೆ ಹಾಕೋ ಅಭ್ಯಾಸ ಅಲ್ಲಿರಲಿಲ್ಲ. ಮುಂದಿನ ಶನಿವಾರ ನಾವು ಮ್ಯಾಗ್ನೆಟ್ ಸ್ಟ್ಯಾಂಡು, ಡಯಲ್ ಗೇಜು ಒಯ್ದು, ಬಲಗಡೆ ಹಬ್ಬಿಗೆ ಅವರು ಸರಿ ಅಂದ ಮೇಲೆ ಇಟ್ಟು ನೋಡಿದೆವು. 0.08. ಅವರೂ ಬಗ್ಗಿ ಮುಳ್ಳು ನೋಡಿದರು, ಗೇಜಿನ ಬೆಲೆ ಕೇಳಿದರು.

ಆ ಪ್ರಶ್ನೆಯೇ ನಮ್ಮ ವಾದದ ತಿರುಳು. ಅವರಿಗೆ ಅಳತೆ ಬೇಡ ಅಂತ ಅಲ್ಲ. ಅಳತೆ ಅವರ ಗಲ್ಲಿಯವರೆಗೆ ಬಂದಿಲ್ಲ.

ಈ ಊರಿನ ವಿಚಿತ್ರ ನೋಡಿ. ಟೆಲ್ಕೋ ಲಾರಿ ಮಾಡಲು ಶುರುಮಾಡಿದ್ದು 1954ರಲ್ಲಿ, ಡೈಮ್ಲರ್ ಬೆಂಜ್ ಸಹಯೋಗದಲ್ಲಿ. ರಸ್ತೆಯ ಮೇಲಿನ ಹಳೇ ಟಾಟಾಗಳ ಮೂಲ ಅಲ್ಲಿದೆ. ಅದೇ ಬೆಂಜ್ ಮನೆತನದ ಸಂಶೋಧನಾ ಕೇಂದ್ರ ಇವತ್ತು ವೈಟ್‌ಫೀಲ್ಡಿನಲ್ಲಿದೆ. ನಮ್ಮ ಸೀನಿಯರುಗಳು ಅಂಥ ಕಡೆಗಳಲ್ಲಿ ಎಸಿ ರೂಮಿನಲ್ಲಿ ಕೂತು ಬೋಲ್ಟ್ ಪ್ರಿಟೆನ್ಷನ್ ಸಿಮ್ಯುಲೇಟ್ ಮಾಡುತ್ತಾರೆ, ಎಳೆತ ಎಷ್ಟು ಅಂತ ದಶಮಾಂಶದ ಮೂರನೇ ಸ್ಥಾನದವರೆಗೆ. ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್ ಈಚೆಗೆ ಅದೇ ಬೋಲ್ಟಿನ ಮೇಲೆ ಒಬ್ಬ ಹುಡುಗ ಕುಣಿಯುತ್ತಿದ್ದಾನೆ. ಇತ್ತ ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಹೊಸೂರು, ಅಲ್ಲಿ ಅಶೋಕ್ ಲೇಲ್ಯಾಂಡ್ ಲಾರಿಗಳು ಹುಟ್ಟುತ್ತವೆ. ಅವುಗಳ ಮುದಿತನ ಮಾತ್ರ ಈ ಗಲ್ಲಿಗಳಲ್ಲಿ. ತುಮಕೂರು ರಸ್ತೆಯಲ್ಲೇ ಸಿಎಂಟಿಐ ಇದೆ, ಅಳತೆಯ ವಿಷಯದಲ್ಲಿ ದೇಶಕ್ಕೇ ದೊಡ್ಡ ಹೆಸರು. ಟ್ರಕ್ ಟರ್ಮಿನಲ್ಲಿಗೆ ಅಲ್ಲಿಂದ ಎಷ್ಟು ದೂರ ಅಂತ ನೀವೇ ಮ್ಯಾಪ್ ತೆಗೆದು ನೋಡಿ.

ಕ್ಲಬ್ಬಿನಲ್ಲೇ ಇದಕ್ಕೆ ಆಕ್ಷೇಪ ಬಂತು. ಹಳೇ ಲಾರಿಗಳನ್ನ ಗುಜರಿಗೆ ಹಾಕೋ ಕಾಲ ಇದು, ಹೊಸ ಲಾರಿಗಳಲ್ಲಿ ಆಟ ಸರಿಮಾಡುವ ಗೋಜೇ ಇಲ್ಲದ ಸೀಲ್ಡ್ ಬೇರಿಂಗ್ ಬರ್ತಿದೆ, ಇದನ್ನ ಕಲಿತು ಏನು ಪ್ಲೇಸ್‌ಮೆಂಟ್ ಸಿಗುತ್ತೆ ಅಂತ. ಪ್ಲೇಸ್‌ಮೆಂಟ್ ಬಗ್ಗೆ ನಾವು ಸುಳ್ಳು ಹೇಳೋದಿಲ್ಲ, ಇದರಿಂದ ಸಿಗಲ್ಲ. ಆದರೆ ಹೊಸ ಬೇರಿಂಗ್ ಬಂದರೂ ಚಕ್ರಕ್ಕೆ ಸ್ಟಡ್ ಇದ್ದೇ ಇರುತ್ತೆ, ಎಲೆಕ್ಟ್ರಿಕ್ ಲಾರಿಗೂ. ಗುಜರಿ ನೀತಿ ಕಾಗದದಲ್ಲಿ ಎಷ್ಟೇ ಚುರುಕಾಗಿರಲಿ, ಒಂದೇ ಲಾರಿ ಇಟ್ಟುಕೊಂಡು ತಾನೇ ಓಡಿಸುವ ಮನುಷ್ಯ ಹದಿನೈದು ವರ್ಷಕ್ಕೆ ಸರಿಯಾಗಿ ಹೊಸದು ಕೊಳ್ಳೋದಿಲ್ಲ. ಅಲ್ಲಿಯವರೆಗೆ ಆ ಚಕ್ರ ನಮ್ಮ ಮೊಣಕಾಲಿನ ಪಕ್ಕದಲ್ಲೇ ತಿರುಗುತ್ತೆ.

ಕೇಳುತ್ತಿರೋದು ಮೂರೇ. ಆಕ್ಸಲ್ ಲ್ಯಾಬಿಗೆ ಬರಲಿ, ಡವ್‌ಟೇಲಿನ ಜಾಗದಲ್ಲಿ ಒಂದು ಇಂಟರ್ನಲ್ ಆದರೂ ಹಬ್ ಬಿಚ್ಚಿ ಜೋಡಿಸುವುದರ ಮೇಲೆ ಇರಲಿ, ಆಟ ಎಷ್ಟು ಬಂತು ಅನ್ನೋದಕ್ಕೆ ಮಾರ್ಕು. ವೈವಾಗೆ ಮೇಸ್ತ್ರಿಯೊಬ್ಬರನ್ನ ಎಕ್ಸ್‌ಟರ್ನಲ್ ಆಗಿ, ಎಕ್ಸ್‌ಟರ್ನಲ್‌ಗೆ ಕೊಡುವ ಅದೇ ಭತ್ಯೆ ಕೊಟ್ಟು ಕರೆಸಲಿ. ಮತ್ತೆ ಲ್ಯಾಬಿನ ಬೀರುವಿನಲ್ಲಿ ಪ್ಲಾಸ್ಟಿಕ್ ಕವರ್ ಕೂಡಾ ತೆಗೆಯದೆ ಮಲಗಿರುವ ದೊಡ್ಡ ಟಾರ್ಕ್ ರೆಂಚು, ತಿಂಗಳಿಗೊಂದು ಶನಿವಾರ ನಮ್ಮ ಜವಾಬ್ದಾರಿಯಲ್ಲಿ ಹೊರಗೆ ಬರಲಿ.

ಕನ್ನಡ ಸಂಘದ ಪಾಲಿನ ಕೆಲಸ ನಾವು ಶುರು ಮಾಡಿಬಿಟ್ಟಿದ್ದೇವೆ. ಸ್ಪೇರ್ ಪಾರ್ಟ್ ಡಬ್ಬದ ಮೇಲೆ ಇಂಗ್ಲಿಷು, ಹಿಂದಿ. ಟಾರ್ಕ್ ಎಷ್ಟು, ಆಟ ಎಷ್ಟು, ಎಷ್ಟು ಕಿಲೋಮೀಟರಿಗೆ ಮತ್ತೆ ನೋಡಬೇಕು ಅನ್ನೋ ಒಂದು ಹಾಳೆ ಕನ್ನಡದಲ್ಲಿ ಗೋಡೆಗೆ ಅಂಟಿಸಿದ್ದನ್ನ ನಾವು ಹೋದ ಯಾವ ಗ್ಯಾರೇಜಿನಲ್ಲೂ ಕಾಣಲಿಲ್ಲ. ಕರಡು ಕ್ಲಬ್ಬಿನ ಬೋರ್ಡಿನಲ್ಲಿದೆ. ಫೆಟೀಗ್‌ಗೆ ಸುಸ್ತು, ಎಂಡ್ ಪ್ಲೇಗೆ ಆಟ, ಕ್ಲಾಂಪ್ ಲೋಡ್‌ಗೆ ಬಿಗಿತ ಅಂತ ಬರೆದಿದ್ದೇವೆ. ಟಾರ್ಕ್‌ಗೆ ಟಾರ್ಕ್ ಅಂತಲೇ ಬಿಟ್ಟಿದ್ದೇವೆ, ಅದರ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಒಪ್ಪದವರು ಪೆನ್ಸಿಲಿನಲ್ಲಿ ತಿದ್ದಿ. ಪೈಪಿನ ಮೇಲೆ ನಿಂತಿರುವ ಹುಡುಗನ ಚಿತ್ರ ಬರೆಯೋಕೆ ಕೈ ಚೆನ್ನಾಗಿರುವವರೊಬ್ಬರು ಬೇಕು: ಒಂದು ಚಿತ್ರದಲ್ಲಿ ಸುಮ್ಮನೆ ನಿಂತಿರಬೇಕು, ಇನ್ನೊಂದರಲ್ಲಿ ಕುಣೀತಿರಬೇಕು, ಎರಡನೆಯದಕ್ಕೆ ಕೆಂಪು ಅಡ್ಡಗೆರೆ.